ಹೂವು ಅರಳುವ ಹೊತ್ತಿಗೆ ಶಾಲೆಯ ಗಂಟೆ

ನನ್ನನ್ನು ಸಂಶೋಧನೆಗೆ ಆರಿಸಿಕೊಂಡ ದಿನ ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ ಅರ್ಥಶಾಸ್ತ್ರದ್ದಾಗಿರಲಿಲ್ಲ. ಧಾರವಾಡದ ಆ ಸಂಸ್ಥೆಯ ಉದ್ದನೆಯ ಕೋಣೆಯಲ್ಲಿ ಮೇಜಿನ ಆಚೆ ಮೂವರು ಕೂತಿದ್ದರು. ಅವರಲ್ಲಿ ವಯಸ್ಸಾದವರೊಬ್ಬರು ನನ್ನ ಅಂಕಪಟ್ಟಿಯನ್ನು ಮಗುಚಿ ಇಟ್ಟು ಕೇಳಿದರು.

"ನಾಲ್ಕು ತಾಲೂಕು ತಿರಗಬೇಕಾಗ್ತದ. ಕೆಂಪು ಬಸ್ಸು, ಕೆಸರು, ಎತ್ತಿನ ಬಂಡಿ. ಹೆಣ್ಣುಮಗಳು ನೀನು, ಹಳ್ಳಿ ತಿರಗೂದು ನಿನ್ನ ಕಡೆ ಆಗ್ತದೇನವಾ?"

"ನಾನು ಹಳ್ಳಿಯಾಗ ಹುಟ್ಟಿದಾಕಿ ರೀ ಸರ್. ನನಗ ಹಳ್ಳಿ ಹೊಸದಲ್ಲ, ಈ ಖೋಲಿನ ಹೊಸದು" ಎಂದೆ.

ಇಬ್ಬರು ನಕ್ಕರು. ನಡುವೆ ಕೂತವರು ನಗಲಿಲ್ಲ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಗ್ರಾಮೀಣ ಆರ್ಥಿಕತೆಯನ್ನು ಅಧ್ಯಯನ ಮಾಡುವ ಯೋಜನೆ ಅವರದೇ ಆಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳವು. ನಾಲ್ಕೂ ತಾಲೂಕುಗಳು ಆಗ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಜಿಲ್ಲೆಯ ಸರಾಸರಿ ನೋಡಿ ಹಳ್ಳಿಯ ಬಗ್ಗೆ ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಹಾನಗಲ್ಲಿನ ಭತ್ತದ ಗದ್ದಿ, ಸವಣೂರಿನ ಎಲಿ ಬಳ್ಳಿ ಎರಡನ್ನೂ ಕೂಡಿಸಿ ಭಾಗಿಸಿದರ ಏನ ಬರ್ತದ? ಏನೂ ಬರೂದಿಲ್ಲ" ಎನ್ನುತ್ತಿದ್ದರು. ನಾವು ಅವರನ್ನು ಸರ್ ಎಂದು ಮಾತ್ರ ಕರೆಯುತ್ತಿದ್ದೆವು. ಆ ತಂಡದಲ್ಲಿ ನಾನೊಬ್ಬಳೇ ಹೆಂಗಸು.

ನಾನು ಸಂದರ್ಶನದಲ್ಲಿ ಅಷ್ಟು ಧೈರ್ಯವಾಗಿ ಮಾತಾಡಿದ್ದಕ್ಕೆ ಕಾರಣ ನನ್ನ ಅವ್ವ. ನಮ್ಮ ಊರು ಶಿಗ್ಗಾಂವ ತಾಲೂಕಿನಲ್ಲಿ, ತಡಸದಿಂದ ನಡೆದು ಹೋಗುವಷ್ಟು ದೂರ. ಹೊಲ ಎಂಬುದು ನಮಗೆ ಹೆಸರಿಗೆ ಒಂದು ತುಂಡು ಇತ್ತು, ಅದೂ ಕಲ್ಲು ತುಂಬಿದ್ದು. ಅಪ್ಪ ಮಿಲಿಟರಿ ಕ್ಯಾಂಟೀನೊಂದರಲ್ಲಿ ಕೆಲವು ವರ್ಷ ಕೆಲಸಕ್ಕಿದ್ದು ಊರಿಗೆ ಬರುವಾಗ ಬುದ್ಧನ ಪಟ ತಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. "ಇನ್ನ ಮ್ಯಾಲೆ ನಾವು ಇವನ ಪೈಕಿ" ಎಂದ. ಅವ್ವ ಪಟವನ್ನು ನೋಡಿ, "ಇವನ ಮುಂದ ಕಾಯಿ ಒಡೀಬೇಕೇನು?" ಎಂದು ಕೇಳಿದಳಂತೆ. "ಬ್ಯಾಡ. ಹುಡುಗರಿಗೆ ಸಾಲಿ ಕಲಿಸಬೇಕು ಅಷ್ಟ" ಎಂದು ಅಪ್ಪ ಹೇಳಿದ. ಕಾಯಿಯ ಖರ್ಚು ಉಳಿಯಿತು ಎಂದು ಅವ್ವ ಸಮಾಧಾನಪಟ್ಟುಕೊಂಡಳು. ಆದರೆ ಸಾಲಿಯ ಮಾತನ್ನು ಅಪ್ಪನಿಗಿಂತ ಗಟ್ಟಿಯಾಗಿ ಹಿಡಿದುಕೊಂಡವಳು ಅವಳು.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಏಳನೇ ಇಯತ್ತೆಯಲ್ಲಿ, ಅಂದರೆ ಏಳನೇ ತರಗತಿಯಲ್ಲಿದ್ದೆ. ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಅವ್ವ ಕೂಲಿಗೆ ಹೋಗುತ್ತಿದ್ದ ಹೊಲದ ಯಜಮಾನತಿ ಬೆಳಿಗ್ಗೆ ನಮ್ಮ ಕೇರಿಯ ಬಾಯಿಗೆ ಬಂದು ನಿಂತು, "ನಿನ್ನ ಮಗಳನ್ನೂ ಕಳಸು. ಕಾಯಿ ಹಣ್ಣಾಗಿ ಉದರಾಕತ್ತಾವ" ಎಂದು ಕೂಗಿದಳು. ನಾನು ತಲೆ ಬಾಚಿಕೊಂಡು ಚೀಲ ಹೆಗಲಿಗೆ ಹಾಕಿಕೊಂಡಿದ್ದೆ. ಅವ್ವ ಹೊರಗೆ ಹೋದಳು.

"ನನ್ನ ಎರಡೂ ಕೈ ಅದಾವ್ರಿ, ತಗೊಂಡು ಹೋಗ್ರಿ. ಆಕಿ ಕೈಯಾಗ ಪಾಟಿ ಐತಿ."

"ಒಂದು ವಾರ ಸಾಲಿ ತಪ್ಪಿದರ ಏನಾಗ್ತೈತಿ?"

"ಒಂದು ವಾರ ಕೂಲಿ ತಪ್ಪಿದರ ಏನಾಗ್ತೈತಿ ಅಂತ ನನಗ ಗೊತ್ತೈತ್ರಿ. ಸಾಲಿ ತಪ್ಪಿದರ ಏನಾಗ್ತೈತಿ ಅಂತ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾ ಮಾಡೂದಿಲ್ಲ."

ಆ ಸುಗ್ಗಿಯಿಡೀ ಅವ್ವನಿಗೆ ಆ ಹೊಲದಲ್ಲಿ ಕೆಲಸ ಸಿಗಲಿಲ್ಲ. ಅವಳು ದೂರದ ಊರಿನ ಹೊಲಗಳಿಗೆ ನಡೆದಳು. ಮನೆಯಲ್ಲಿ ಈ ಬಗ್ಗೆ ಅವಳು ದೂರಿದ್ದು ನಾನು ಕೇಳಿಲ್ಲ.

ಯೋಜನೆಯ ಮೊದಲ ವರ್ಷ ಹಾನಗಲ್ಲಿನಲ್ಲಿ ಕಳೆಯಿತು. ಎರಡನೆಯ ವರ್ಷ ನನ್ನನ್ನು ಹಿರೇಕೆರೂರು ತಾಲೂಕಿನ ಒಂದು ಊರಿಗೆ ಹಾಕಿದರು. ಆ ಕಡೆ ಆಗ ಹೊಸ ಕಸುಬೊಂದು ಹಬ್ಬುತ್ತಿತ್ತು. ಹೈಬ್ರಿಡ್ ಹತ್ತಿಯ ಬೀಜ ಬೆಳೆಯುವುದು. ಹತ್ತಿಯನ್ನು ಅರಳೆಗಾಗಿ ಬೆಳೆಯುವುದು ಬೇರೆ, ಬೀಜಕ್ಕಾಗಿ ಬೆಳೆಯುವುದು ಬೇರೆ. ಬೀಜದ ಹೊಲದಲ್ಲಿ ಹೆಣ್ಣು ಸಾಲು, ಗಂಡು ಸಾಲು ಎಂದು ಬೇರೆ ಬೇರೆ ತಳಿ ಹಾಕುತ್ತಾರೆ. ನಾಳೆ ಅರಳಲಿರುವ ಹೆಣ್ಣು ಸಾಲಿನ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಹುಡುಕಿ, ಉಗುರಿನಿಂದ ಎಸಳು ಮತ್ತು ಕೇಸರಗಳನ್ನು ಬಿಡಿಸಿ, ಒಳಗಿನ ಕಡ್ಡಿಯೊಂದನ್ನೇ ಉಳಿಸಿ, ಅದಕ್ಕೆ ಕೆಂಪು ಕಾಗದದ ಚೀಲ ತೊಡಿಸಬೇಕು. ಮಾರನೆಯ ಬೆಳಿಗ್ಗೆ ಗಂಡು ಸಾಲಿನ ಹೂವು ಅರಳಿದ ಕೂಡಲೇ ಕಿತ್ತು ತಂದು ಆ ಕಡ್ಡಿಗೆ ಸವರಬೇಕು. ಬಿಸಿಲು ಏರಿದ ಮೇಲೆ ಸವರಿದರೆ ಕಾಯಿ ಕಟ್ಟುವುದಿಲ್ಲ. ದಿನಾ ಇದೇ ಕೆಲಸ, ಎರಡು ತಿಂಗಳ ತನಕ. ಊರವರು ಇದನ್ನು ಕ್ರಾಸಿಂಗ್ ಎನ್ನುತ್ತಿದ್ದರು.

ಸರ್ ಈ ಬೀಜದ ಬೆಳೆಯ ಬಗ್ಗೆ ಬಹಳ ಉತ್ಸಾಹದಲ್ಲಿದ್ದರು. ಸಣ್ಣ ಹಿಡುವಳಿಯವರೂ ಇದರಿಂದ ಮೇಲೆ ಬರುತ್ತಿದ್ದಾರೆ, ಊರಿಗೇ ಹೊಸ ಕಳೆ ಬಂದಿದೆ, ಅದನ್ನು ವಿವರವಾಗಿ ಬರೆಯಬೇಕು ಎಂದು ನನ್ನನ್ನು ಕಳಿಸಿದ್ದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಹಂಚಿನ ಮನೆಗಳು ಎದ್ದಿದ್ದವು, ಬಾವಿಗಳಿಗೆ ಮೋಟಾರು ಕೂತಿದ್ದವು.

ನನಗೆ ಉಳಿಯಲು ಜಾಗ ಕೊಟ್ಟವರು ಶಾಲೆಯ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯನ್ನು ಹಾಗೆಯೇ ಕರೆಯುತ್ತಾರೆ. ಗದಗಿನ ಕಡೆಯವರು, ಮದುವೆಯಾಗದೆ ನಲವತ್ತು ದಾಟಿದವರು. ಬಾಗಿಲಲ್ಲಿ ನಿಂತೇ ನಾನು ನನ್ನ ಜಾತಿ ಹೇಳಿಬಿಟ್ಟೆ. ಆಮೇಲೆ ಗೊತ್ತಾಗಿ ಮುಖ ಬದಲಾಗುವುದನ್ನು ನೋಡುವ ಸಂಕಟಕ್ಕಿಂತ ಮೊದಲೇ ಹೇಳುವುದು ಒಳ್ಳೆಯದೆಂದು ಹಾನಗಲ್ಲಿನಲ್ಲಿ ಕಲಿತಿದ್ದೆ. ಅಕ್ಕೋರು ಕೇಳಿಸಿಕೊಂಡು, "ರೊಟ್ಟಿ ಬಡಿಯಾಕ ಬರ್ತೈತೋ ಇಲ್ಲೋ ಅದನ್ನ ಮೊದಲು ಹೇಳು. ನನಗ ಬರೂದಿಲ್ಲ" ಎಂದರು. ಬರುತ್ತದೆ ಎಂದೆ. "ಹಂಗಾರ ಒಳಗ ಬಾ" ಎಂದರು.

ಒಂದು ಬೆಳಿಗ್ಗೆ ಅವರ ಜೊತೆ ಶಾಲೆಗೆ ಹೋದೆ. ಗಂಟೆ ಬಾರಿಸಿತು. ಆರನೇ ತರಗತಿಯಲ್ಲಿ ಗಂಡುಹುಡುಗರು ಕೂತಿದ್ದರು. ಹುಡುಗಿಯರು ಕೂರುವ ಕಡೆ ಚಾಪೆ ಮಾತ್ರ ಹಾಸಿತ್ತು.

"ಎಲ್ಲಿ ಅದಾರ್ರಿ ಇವರೆಲ್ಲ?"

"ಹೂವಿನ ಹೊಲದಾಗ" ಎಂದರು ಅಕ್ಕೋರು. "ದೀಪಾವಳಿ ಆದ ಮ್ಯಾಲೆ ಬರ್ತಾರ. ಬಂದವರಿಗೆ ಲೆಕ್ಕ ಮರತಿರತೈತಿ. ಪರೀಕ್ಷಾದಾಗ ಕೂಡತಾರ, ಫೇಲಾಗ್ತಾರ. ಎರಡು ಸಲ ಫೇಲಾದ ಮ್ಯಾಲೆ ಅವ್ವ-ಅಪ್ಪ ಬಿಡಿಸಿಬಿಡ್ತಾರ. ಹುಡುಗಿ ತಲಿ ಮಂದ ಅಂತಾರ."

ಅಲ್ಲಿಂದ ನೇರವಾಗಿ ಊರಿನ ದೊಡ್ಡ ಬೀಜದ ಹೊಲಕ್ಕೆ ಹೋದೆ. ಅದರ ಮಾಲೀಕರೇ ಬೀಜದ ಕಂಪನಿಯ ಪರವಾಗಿ ಊರಿಗೆಲ್ಲ ತಳಿಬೀಜ ಹಂಚುವ ಹಿರಿಯರೂ ಆಗಿದ್ದರು. ಹೊಲದ ತುಂಬ ಹುಡುಗಿಯರ ತಲೆಗಳು. ಎದೆಮಟ್ಟ ಬೆಳೆದ ಗಿಡಗಳ ನಡುವೆ ಒಬ್ಬಳು ಹಾಡು ಹೇಳುತ್ತಿದ್ದಳು, ಉಳಿದವರು ಕೈ ನಿಲ್ಲಿಸದೆ ಸೊಲ್ಲು ಕೊಡುತ್ತಿದ್ದರು. ಹಿರಿಯರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದರು. ಈ ಕೆಲಸಕ್ಕೆ ಹುಡುಗಿಯರೇ ಯಾಕೆ ಎಂದು ಕೇಳಿದೆ.

"ಅವರ ಬೆರಳು ಸಣ್ಣವು ನೋಡ್ರಿ. ದೊಡ್ಡವರ ಉಗುರು ತಾಗಿದರ ಒಳಗಿನ ಕಡ್ಡಿ ಮುರಿತೈತಿ, ಕಾಯಿ ಉದುರ್ತೈತಿ. ಹೆಂಗಸರಿಗೆ ಈ ಕೆಲಸ ಬರೂದಿಲ್ರಿ."

"ಮಾಡಿಸಿ ನೋಡೀರೇನ್ರಿ?"

ಹಿರಿಯರು ನನ್ನನ್ನೇ ನೋಡುತ್ತ, "ನೀವು ಯಾರ ಪೈಕಿ ಅಂದ್ರಿ?" ಎಂದರು. ಬೌದ್ಧರು ಎಂದೆ. ನಾನು ದಲಿತಳೆಂದು ಅವರು ಒಳಗೇ ತಿಳಿದುಕೊಂಡರು. ಚಹಾ ಹಿಡಿದು ಬರುತ್ತಿದ್ದ ಆಳಿಗೆ ಕಣ್ಣಲ್ಲೇ ಏನೋ ಹೇಳಿದರು. ಅವನು ಅರ್ಧದಲ್ಲೇ ನಿಂತು ಹಿಂದಕ್ಕೆ ತಿರುಗಿದ. ಆ ಗಳಿಗೆಯಲ್ಲಿ ಎದ್ದು ಹೋಗಬೇಕು ಅನ್ನಿಸಿದ್ದು ನಿಜ. ಆದರೆ ಎದ್ದರೆ ನನ್ನ ಪ್ರಶ್ನೆಯೂ ನನ್ನ ಜೊತೆಗೇ ಎದ್ದು ಹೋಗುತ್ತಿತ್ತು.

"ಚಹಾ ಬ್ಯಾಡ್ರಿ. ಮಾಡಿಸಿ ನೋಡೀರೇನು ಅಂತ ಕೇಳಿದ್ದೆ" ಎಂದೆ.

"ಇಲ್ಲ" ಎಂದರು ಅವರು.

ಧಾರವಾಡಕ್ಕೆ ಮರಳಿ ಸರ್ ಮುಂದೆ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ನಾವು ಅಳತಿ ಮಾಡೂವರು, ತಿದ್ದೂವರಲ್ಲ. ಹೆಂಗಸರು, ಗಂಡಸರು, ಮಕ್ಕಳು ಎಷ್ಟೆಷ್ಟು ಕೆಲಸ ಮಾಡ್ತಾರ ಅಂತ ಬರಿ. ಅಷ್ಟು ನಮ್ಮ ಕೆಲಸ."

"ಈ ಬೆಳಿ ಅಗ್ಗ ಆಗೂದ ಆ ಹುಡಿಗ್ಯಾರ ಸಾಲಿ ತಪ್ಪಿದ್ದರಿಂದ ಸರ್. ಅದು ಎಲ್ಲಾ ಲೆಕ್ಕದ ಹೊರಗ ಉಳಿತದ. ಊರು ಮ್ಯಾಲ ಬಂತು ಅಂತ ಹೆಂಗ ಬರಿಲಿ?"

"ಹುಡಿಗ್ಯಾರಿಲ್ಲದ ಆ ಬೆಳಿ ಆಗೂದಿಲ್ಲ ಅಂತ ಬೆಳೆಗಾರರು ಅಂತಾರಲ್ಲ?"

"ಅಂತಾರ. ಅವರು ಮಾಡಿ ನೋಡಿಲ್ಲ."

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾರ ಬರೇ ಮರುಗಿದರ ನಡೆಯೂದಿಲ್ಲ. ಮಾಡಿ ತೋರಸು. ಒಂದು ಬೆಳಿ. ಆದರ ಶಿಗ್ಗಾಂವ, ಸವಣೂರಿನ ಕೆಲಸ ನಿಲ್ಲಂಗಿಲ್ಲ, ನೆನಪಿಡು" ಎಂದರು. ಅವರನ್ನು ನಾನು ಆವರೆಗೆ ಗೌರವಿಸುತ್ತಿದ್ದೆ. ಅಂದಿನಿಂದ ನನಗೆ ಅವರ ಮೇಲೆ ಪ್ರೀತಿಯೂ ಹುಟ್ಟಿತು.

ಮಾಡಿ ತೋರಿಸಲು ನನಗೆ ಹೊಲವಿರಲಿಲ್ಲ. ಹೊಲವಿದ್ದವಳನ್ನು ಹುಡುಕಿಕೊಟ್ಟವರು ಅಕ್ಕೋರು. ಆರನೆಯ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ, ಎರಡು ತಿಂಗಳಿಂದ ಕಾಣದಿದ್ದ ಒಬ್ಬ ಹುಡುಗಿಯ ತಾಯಿ ಆಕೆ. ಗಂಡ ಹರಪನಹಳ್ಳಿ ಕಡೆ ಲಾರಿ ಓಡಿಸುತ್ತಿದ್ದ, ಯಾವಾಗಲೋ ಒಮ್ಮೆ ಬರುತ್ತಿದ್ದ. ಬಾವಿಯ ನೀರಿನಲ್ಲಿ ಪಾಲಿದ್ದ ಒಂದು ಸಣ್ಣ ಹೊಲದಲ್ಲಿ ಆಕೆ ತಾನೇ ಬೀಜದ ಬೆಳೆ ತೆಗೆಯುತ್ತಿದ್ದಳು. ಗಟ್ಟಿ ಧ್ವನಿಯ, ದೊಡ್ಡ ಕುಂಕುಮದ ಹೆಂಗಸು. ನಾನು ಮಾತು ಶುರುಮಾಡುವ ಮೊದಲೇ ಸಿಡುಕಿದಳು.

"ಅಕ್ಕೋರು ದಿನಾ ಬೈತಾರ, ಈಗ ನಿನ್ನನ್ನ ಕರಕೊಂಡು ಬಂದಾರ. ಮಗಳನ್ನ ಹೊಲಕ್ಕ ಒಯ್ಯಬಾರದು ಅಂತ ನನಗೂ ಐತಿ ತಂಗಿ. ಕೈ ಎಲ್ಲಿಂದ ತರಲಿ? ಆಳಿಗೆ ಕರದರ ಎಲ್ಲರ ಹೊಲದಾಗೂ ಅದ ಹೊತ್ತಿಗೆ ಹೂ ಅರಳಿರತೈತಿ. ಯಾರು ಬರ್ತಾರ?"

"ಕಳೆ ತೆಗಿಯಾಕ ಏನ ಮಾಡ್ತೀರಿ?"

"ಮುಯ್ಯಿ ಮಾಡ್ತೇವಿ. ಇವತ್ತ ಅವರ ಹೊಲಕ್ಕ ನಾವು, ನಾಳೆ ನಮ್ಮ ಹೊಲಕ್ಕ ಅವರು. ಕಳೆ ಎರಡು ದಿನ ಕಾಯತೈತಿ. ಹೂ ಕಾಯತೈತೇನು?"

ಆ ಪ್ರಶ್ನೆ ಹಿಡಿದುಕೊಂಡು ನಾವು ಮೂವರೂ ಆಕೆಯ ಅಡುಗೆಮನೆಯಲ್ಲಿ ಕೂತೆವು. ಹೂವು ಕಾಯುವುದಿಲ್ಲ, ಸರಿ. ಎಲ್ಲರ ಹೊಲದಲ್ಲೂ ಒಂದೇ ಕಾಲಕ್ಕೆ ಹೂವು ಯಾಕೆ ಬರಬೇಕು? ಎಲ್ಲರೂ ಒಂದೇ ವಾರ ಬಿತ್ತುತ್ತಾರೆ. ಯಾಕೆ? ತಳಿಬೀಜ ಒಂದೇ ದಿನ ಹಂಚುತ್ತಾರೆ. ನಾಲ್ಕು ಮನೆಯವರು ಒಬ್ಬರಾದ ಮೇಲೆ ಒಬ್ಬರು, ನಡುವೆ ಕೆಲವು ದಿನ ಬಿಟ್ಟು ಬಿತ್ತಿದರೆ? ಒಬ್ಬರ ಹೊಲದಲ್ಲಿ ಹೂವು ಮೈತುಂಬಿದಾಗ ಇನ್ನೊಬ್ಬರದು ಆಗಷ್ಟೇ ಶುರುವಾಗಿರುತ್ತದೆ. ಆಗ ಹೂವಿನಲ್ಲೂ ಮುಯ್ಯಿ ಸಾಧ್ಯ. ಈ ಯೋಚನೆ ನನ್ನದೋ ಆಕೆಯದೋ ಎಂದು ಈಗ ಬಿಡಿಸಿ ಹೇಳಲಾರೆ. ಮಾತಿನ ನಡುವೆ ಹುಟ್ಟಿತು. ಅಕ್ಕೋರು ಮಾತ್ರ, "ನಾನೂ ಅದನ್ನ ಹೇಳಾಕ ಬಾಯಿ ತಗದಿದ್ದೆ" ಎಂದು ಕೊನೆಯ ತನಕ ಸಾಧಿಸುತ್ತಿದ್ದರು.

ಬೇಸಿಗೆಯಿಡೀ ಆ ತಾಯಿ ಜೊತೆಗಾರರನ್ನು ಹುಡುಕಿದಳು. ಇಬ್ಬರು ಬೇಗ ಒಪ್ಪಿದರು, ಅವರ ಹುಡುಗಿಯರೂ ಅದೇ ಶಾಲೆಯವರು. ಎಲ್ಲರಿಗಿಂತ ಕೊನೆಗೆ ಬಿತ್ತುವವರು ಯಾರು ಎಂಬಲ್ಲಿ ಕೆಲಸ ನಿಂತಿತು. ಕೊನೆಗೆ ಬಿತ್ತಿದವರ ಕಾಯಿಗೆ ಹುಳದ ಭಯ, ಹಿಂಗಾರು ಮಳೆಯ ಭಯ. ಕೊನೆಗೆ ಒಪ್ಪಿದವಳು ಎಲ್ಲರಿಗಿಂತ ಚಿಕ್ಕವಳು, ಅತ್ತೆಯ ಜೊತೆ ಬೇಸಾಯ ಮಾಡುತ್ತಿದ್ದ ಸೊಸೆ. "ನನ್ನ ಮಗಳು ಇನ್ನೂ ಮೂರನೇತ್ತಾ. ಆಕಿ ಸರದಿ ಬರೂದ್ರಾಗ ಇದು ರೂಢಿ ಆಗ್ಲಿ. ನಾ ಕಡೀಕ ಬಿತ್ತತೇನಿ" ಎಂದಳು.

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಾಲ್ವರೂ ಬೀಜ ಹಂಚುವ ಹಿರಿಯರ ಮನೆಗೆ ಹೋದರು. ನಾನೂ ಹೋದೆ, ಆದರೆ ಅಂಗಳದಲ್ಲಿ ನಿಂತೆ. ಅವರವರ ಬಿತ್ತನೆಗೆ ತಕ್ಕಂತೆ ಬೀಜವನ್ನು ಬೇರೆ ಬೇರೆ ದಿನ ಕೊಡಿ ಎಂಬ ಬೇಡಿಕೆ ಕೇಳಿ ಅವರು ನಕ್ಕುಬಿಟ್ಟರು.

"ಧಾರವಾಡದ ಮೇಡಂ ಹೇಳಿಕೊಟ್ಟಾರೇನು? ಬೆಳಿ ಕೆಟ್ಟರ ಕಂಪನಿಗೆ ಯಾರು ಹೇಳೂದು?"

"ನಾವ ಹೇಳ್ತೇವ್ರಿ" ಎಂದಳು ತಾಯಿ. "ಹೊಲ ನಮ್ಮದು, ಕೈ ನಮ್ಮದು. ಕೆಟ್ಟರ ಮುಂದಿನ ವರ್ಷ ನಮಗ ಬೀಜ ಕೊಡಬ್ಯಾಡ್ರಿ."

ಅದು ಸಣ್ಣ ಮಾತಲ್ಲ. ಬೀಜ ಸಿಗದಿದ್ದರೆ ಆ ಮನೆಗಳು ಮತ್ತೆ ಬರೀ ಜೋಳಕ್ಕೆ ಮರಳಬೇಕಿತ್ತು. ಹಿರಿಯರಿಗೂ ಅದು ಗೊತ್ತಿತ್ತು. ನಗುವುದನ್ನು ನಿಲ್ಲಿಸಿ, "ನೋಡೂಣು" ಎಂದು ಒಪ್ಪಿಕೊಂಡರು.

ಆ ವರ್ಷ ನಾನು ಬಸ್ಸಿನಲ್ಲಿ ಕೂತ ಹಾಗೆ ಮತ್ತೆಂದೂ ಕೂತಿಲ್ಲ. ಸೋಮವಾರದಿಂದ ಶಿಗ್ಗಾಂವದ ದವಸದ ಪೇಟೆಯ ದಲ್ಲಾಳಿಗಳ ಅಡತಿ ಅಂಗಡಿಗಳಲ್ಲಿ ಮಾತು, ಇಲ್ಲವೆ ಸವಣೂರಿನ ಎಲೆ ತೋಟಗಳಲ್ಲಿ. ಶುಕ್ರವಾರ ಸಂಜೆ ಹಾನಗಲ್ ಬಸ್ಸು, ಅಲ್ಲಿಂದ ಹಿರೇಕೆರೂರಿಗೆ ಇನ್ನೊಂದು, ಅಲ್ಲಿಂದ ಸಿಕ್ಕರೆ ಟ್ರ್ಯಾಕ್ಟರ್, ಸಿಗದಿದ್ದರೆ ನಡಿಗೆ. ಊರಿನಲ್ಲಿ ಅವ್ವ, "ಧಾರವಾಡದಾಗ ನೌಕರಿ ಅಂತ ಹೇಳಿದ್ದಿ, ಬಸ್ಸಿನಾಗ ನೌಕರಿ ಆತಲ್ಲ" ಎಂದು ರೇಗಿಸುತ್ತಿದ್ದಳು.

ಭಾದ್ರಪದದಲ್ಲಿ ತಾಯಿಯ ಹೊಲದಲ್ಲಿ ಮೊದಲ ಹೂವು ಬಂತು. ನಾಲ್ವರೂ ಅವರ ಮನೆಯ ಅತ್ತೆ ನಾದಿನಿಯರೂ ಸೇರಿ ಮಧ್ಯಾಹ್ನ ಸಾಲು ಹಿಡಿದರು. ಮೊದಲ ಕೆಲವು ದಿನ ಹಿರಿಯರು ಹೇಳಿದ್ದೇ ನಿಜವಾಗುತ್ತಿದೆ ಅನ್ನಿಸಿತು. ಕಡ್ಡಿಗಳು ಮುರಿದವು, ಮೊಗ್ಗುಗಳು ಉದುರಿದವು. ನಾನೂ ಬಿಡಿಸಲು ಕೂತೆ, ನನ್ನ ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಳಾದವು. ತಾಯಿ ತಲೆಯ ಮೇಲೆ ಕೈ ಹೊತ್ತು ಕೂತವಳು ಸಂಜೆ ಮಗಳನ್ನು ಕರೆದು, "ನೀ ಹೆಂಗ ಬಿಡಸ್ತೀ, ಹೇಳು" ಎಂದಳು. ಮಗಳು ಮನೆಯಂಗಳದಲ್ಲೇ ಒಂದು ಮೊಗ್ಗು ಹಿಡಿದು ತೋರಿಸಿದಳು. ಅವಳು ಉಗುರಿನಿಂದ ಚುಚ್ಚುತ್ತಿರಲಿಲ್ಲ, ಬುಡದಲ್ಲಿ ಸುತ್ತ ಗೀರಿ, ಟೊಪ್ಪಿಗೆ ತೆಗೆದಂತೆ ಒಮ್ಮೆಲೇ ತಿರುವಿ ತೆಗೆಯುತ್ತಿದ್ದಳು. ಸಣ್ಣ ಬೆರಳು ಬೇಕಿರಲಿಲ್ಲ, ರೂಢಿ ಬೇಕಿತ್ತು. ವಾರ ಕಳೆಯುವುದರೊಳಗೆ ಹೆಂಗಸರ ಕೈಗೆ ಅದು ಹತ್ತಿತು. ಬೆಳಿಗ್ಗೆ ಅವರು ಗಂಡು ಹೂವು ಸವರುತ್ತಿರುವಾಗ ಊರ ಕಡೆಯಿಂದ ಶಾಲೆಯ ಗಂಟೆ ಕೇಳುತ್ತಿತ್ತು. ಆಗ ಯಾರಾದರೊಬ್ಬರು, "ಮಕ್ಕಳು ಸಾಲಿಗೆ ಹೋದ್ವಲ್ಲ?" ಎಂದು ಕೇಳುವರು. "ಹೋದೂ" ಎಂದು ತಾಯಿ ಉತ್ತರಿಸುವಳು.

ಕೆಲಸ ಕುದುರಿತು ಎನ್ನುವಾಗ ಮಳೆ ಹಿಡಿಯಿತು. ಹಸ್ತದ ಮಳೆ ಎಡೆಬಿಡದೆ ಸುರಿಯಿತು. ಕಾಗದದ ಚೀಲಗಳು ನೆಂದು ಅಂಟಿಕೊಂಡವು, ಗಂಡು ಹೂವಿನ ಪುಡಿ ತೊಯ್ದು ಕೆಸರಾಯಿತು. ಮಳೆ ಬಿಟ್ಟ ಗಳಿಗೆಯಲ್ಲೇ ಓಡಿಹೋಗಿ ಸವರಬೇಕು, ಮೂರು ಹೊಲಗಳಲ್ಲಿ ಹೂವಿತ್ತು. ನಾನು ಆ ಶನಿವಾರ ಮೈಯೆಲ್ಲ ತೊಯ್ದು ಊರು ಮುಟ್ಟಿದಾಗ ಅಕ್ಕೋರು ಬಾಗಿಲಲ್ಲೇ ಹೇಳಿದರು. ಎರಡನೆಯದಾಗಿ ಬಿತ್ತಿದ ಹೊಲದವಳು ತನ್ನ ಮಗಳನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ದಿದ್ದಾಳೆ. ಗಂಡ ಬೈದನಂತೆ, "ನಾಲ್ಕು ಮಂದಿ ಹೆಂಗಸರ ಹಟಕ್ಕ ಬೆಳಿ ನೀರಪಾಲು ಆತು" ಎಂದು.

ಕೇಳಿ ನನಗೆ ಸಿಟ್ಟು ಬಂತು. ಆಕೆಯ ಮನೆಗೆ ಹೋಗಿ ಮಾತಾಡುತ್ತೇನೆ ಎಂದು ಹೊರಟೆ. ತಾಯಿ ತಡೆದಳು.

"ನೀ ಹೋಗಬ್ಯಾಡ. ಹೋಗಿ ಏನ ಹೇಳ್ತಿ? ಆಕಿಗೂ ಗೊತ್ತೈತಿ. ಹೇಳಾಕ ಹೋದರ ಆಕಿ ಮುಖ ಮುಚಗೊಂತಾಳ, ಹುಡಿಗಿ ಸಾಲಿ ಪೂರಾ ತಪ್ಪತೈತಿ."

"ಮತ್ತ ಏನ ಮಾಡೂಣ್ರಿ?"

"ನಾಳೆ ಮೊದಲು ಆಕಿ ಹೊಲಕ್ಕ ಹೋಗೂಣು. ನನ್ನ ಹೂ ಒಂದು ದಿನ ಹೋದರ ಹೋಗ್ಲಿ."

ಮರುದಿನ ಮುಂಜಾನೆ ಮಳೆ ತುಸು ತೆರಪಾಗಿತ್ತು. ನಾವೆಲ್ಲ ಗೋಣಿಚೀಲದ ಕೊಪ್ಪೆ ತಲೆಗೆ ಹಾಕಿಕೊಂಡು ಎರಡನೆಯವಳ ಹೊಲಕ್ಕೆ ನಡೆದೆವು. ಆಕೆ ಮಗಳ ಜೊತೆ ಸಾಲಿನಲ್ಲಿ ಬಗ್ಗಿದ್ದಳು. ನಮ್ಮನ್ನು ನೋಡಿ ಎದ್ದು ನಿಂತಳು. ನಮ್ಮವರು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಆ ಹೊಲ ಮುಗಿಯಿತು. ತಾಯಿಯ ಹೊಲದಲ್ಲಿ ಬಿಡಿಸಿಟ್ಟಿದ್ದ ಕಡ್ಡಿಗಳು ಸವರದೇ ಬಾಡಿದವು, ಮಳೆಯಲ್ಲಿ ಬಿಡಿಸಲಾಗದೆ ಉಳಿದಿದ್ದ ಮೊಗ್ಗುಗಳು ಅರಳಿ ಗುಲಾಬಿ ಬಣ್ಣಕ್ಕೆ ತಿರುಗಿದವು. ಅವು ತಮ್ಮಷ್ಟಕ್ಕೆ ಕಾಯಿ ಕಟ್ಟಿದರೆ ಬೀಜ ಕಲಬೆರಕೆಯಾಗುತ್ತದೆಂದು ಅರಳಿ ಉಳಿದದ್ದನ್ನೆಲ್ಲ ಆಕೆ ಒಬ್ಬಳೇ ಚಿವುಟಿ ಬದುವಿಗೆ ಎಸೆದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಒಂದೊಂದು ಹೂವು ಚಿವುಟುವಾಗಲೂ ಆಕೆಯ ತುಟಿ ಬಿಗಿಯುತ್ತಿತ್ತು. ಸಂಜೆ ಎರಡನೆಯವಳು ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು.

"ನಾಳೆ ನನ್ನ ಮಗಳು ಸಾಲಿಗೆ ಹೋಗ್ತಾಳಕ್ಕಾ" ಎಂದಳು.

"ಹೂಂ. ನಾಳೆ ನನ್ನ ಹೊಲಕ್ಕ ಲಗೂನ ಬಾ" ಎಂದಳು ತಾಯಿ. ಅಷ್ಟೇ ಮಾತು.

ಕೊನೆಗೆ ಬಿತ್ತಿದ ಸೊಸೆಯ ಹೊಲ ಆ ಮಳೆಯಿಂದ ಪಾರಾಯಿತು. ಆಗ ಅವಳ ಗಿಡದಲ್ಲಿ ಮೊಗ್ಗೂ ಸರಿಯಾಗಿ ಕಟ್ಟಿರಲಿಲ್ಲ. ಎಲ್ಲರೂ ಹೆದರಿದ್ದು ಅವಳಿಗಾಗಿ, ಗೆದ್ದವಳು ಅವಳೇ. ಉಳಿದ ಮೂರು ಹೊಲಗಳ ಬೆಳೆ ಹಿರಿಯರ ಹೊಲಕ್ಕಿಂತ ಸ್ವಲ್ಪ ಕಡಿಮೆ ಬಂತು. ಕಂಪನಿಯವರು ಮೊಳಕೆ ಬರಿಸಿ ಪರೀಕ್ಷಿಸಿದಾಗ ನಾಲ್ವರ ಬೀಜವೂ ಪಾಸಾಯಿತು. ತಾಯಿಯ ಬೀಜದಲ್ಲಿ ಕಲಬೆರಕೆ ಇರಲೇ ಇಲ್ಲ ಎಂದು ಪರೀಕ್ಷೆಗೆ ಬಂದವರು ಹಿರಿಯರ ಎದುರಿಗೇ ಹೇಳಿದರು.

"ಕಡಿಮೀನ ಬಂತಲ್ವಾ ಆದರೂ" ಎಂದರು ಹಿರಿಯರು.

"ಬಂದದ್ದು ನನಗ ಸಾಕ್ರಿ. ಹೋದ ವರ್ಷ ಫೇಲಾದ ಮಗಳು ಈ ಸಲ ಏಳನೇತ್ತಾಕ್ಕ ಹೋದಳು" ಎಂದಳು ಆಕೆ.

ನಾನು ಆ ಬೆಳೆಯ ಬಗ್ಗೆ ಬರೆದ ಅಧ್ಯಾಯದಲ್ಲಿ ಕಡಿಮೆ ಬಂದದ್ದನ್ನು ಕಡಿಮೆ ಎಂದೇ ಬರೆದೆ. ಧಾರವಾಡದಲ್ಲಿ ಅದನ್ನು ವಿದ್ವಾಂಸರ ಮುಂದೆ ಓದಿದಾಗ ಒಬ್ಬರು ಎದ್ದು, "ಇದು ಸಮಾಜಸೇವೆ ಆತು, ಅರ್ಥಶಾಸ್ತ್ರ ಎಲ್ಲಿ ಬಂತು?" ಎಂದರು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು ಉತ್ತರ ಕೊಟ್ಟೆ.

"ಎಲ್ಲರೂ ಒಂದೇ ದಿನ ಬಿತ್ತುವುದರಿಂದ ಆಳಿನ ಕೊರತೆ ಹುಟ್ಟುತ್ತದೆ. ಆ ಕೊರತೆಯನ್ನು ಊರು ಹುಡುಗಿಯರ ಓದಿನಿಂದ ತುಂಬುತ್ತಿದೆ. ಬಿತ್ತನೆಯ ದಿನ ಬದಲಿಸಿ, ದುಡಿಮೆಯನ್ನು ಹಂಚಿಕೊಂಡರೆ ಬೆಳೆಯೂ ಉಳಿಯುತ್ತದೆ, ಓದೂ ಉಳಿಯುತ್ತದೆ. ನಾಲ್ಕು ಮನೆಯವರು ಮಾಡಿ ತೋರಿಸಿದ್ದಾರೆ. ಇದಕ್ಕೆ ಅರ್ಥಶಾಸ್ತ್ರವಲ್ಲದೆ ಬೇರೆ ಹೆಸರಿದ್ದರೆ ತಾವೇ ಹೇಳಬೇಕು."

ಅವರು ಕೂತರು. ಸರ್ ಹಿಂದಿನ ಸಾಲಿನಲ್ಲಿದ್ದರು. ಸಭೆ ಮುಗಿದ ಮೇಲೆ ನನ್ನ ಬಳಿ ಬಂದು, "ಈ ಅಧ್ಯಾಯದಾಗ ಒಂದು ಅಕ್ಷರ ಬದಲಿಸಬ್ಯಾಡ. ಕೊನೀ ಪ್ಯಾರಾ ಒಂದು ಬಿಟ್ಟು, ಅದರಾಗ ವ್ಯಾಕರಣ ತಪ್ಪದ" ಎಂದರು.

ಇದರಿಂದ ಆ ಸೀಮೆಯೇ ಬದಲಾಯಿತು ಎಂದು ಹೇಳಿದರೆ ಸುಳ್ಳಾದೀತು. ದೊಡ್ಡ ಹೊಲಗಳಿಗೆ ಬೇರೆ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಹುಡುಗಿಯರನ್ನು ತುಂಬಿಕೊಂಡು ಬರುವುದು ಆಮೇಲೂ ನಡೆಯಿತು. ಅದನ್ನು ನಾನು ನೋಡಿದ ಕಡೆಯೆಲ್ಲ ಬರೆದೆ, ಕಚೇರಿಗಳ ಬಾಗಿಲಲ್ಲಿ ಹೇಳಿದೆ. ಕೇಳಿದವರು ಕೆಲವರು, ಕೇಳದವರು ಹಲವರು. ಎಂಬತ್ತರ ದಶಕ ಮುಗಿಯುವ ತನಕ ಈ ನಾಲ್ಕು ತಾಲೂಕುಗಳನ್ನು ನಾನು ಬಿಡಲಿಲ್ಲ.

ತಾಯಿಯ ಮಗಳು ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಾದ ಮುಲ್ಕಿ ಪಾಸಾದಳು. ಎರಡನೆಯವಳ ಮಗಳು ಲೆಕ್ಕದಲ್ಲಿ ಫೇಲಾದಳು. ತಂದೆ ಬಿಡಿಸುತ್ತೇನೆ ಎಂದ. ಅಕ್ಕೋರು ದಿನಾ ಸಂಜೆ ತಮ್ಮ ಮನೆಗೆ ಕರೆಸಿ ಲೆಕ್ಕ ಹೇಳಿಕೊಟ್ಟು ಮರುವರ್ಷ ದಾಟಿಸಿದರು. ಹೈಸ್ಕೂಲಿಗೆ ಹಿರೇಕೆರೂರಿಗೆ ಹೋಗಬೇಕಾಗಿತ್ತು, ಬಸ್ಸು ಊರೊಳಗೆ ಬರುತ್ತಿರಲಿಲ್ಲ. ಹುಡುಗಿಯರು ಕೂಡು ರಸ್ತೆಯ ತನಕ ಗುಂಪಾಗಿ ನಡೆದರು.

ನಾಲ್ವರ ಆ ಮೊದಲ ಬೆಳೆಯ ಮರುವರ್ಷದ ಮುಂಗಾರಿಗೆ ನಾನು ಸವಣೂರಿನಿಂದ ಆ ಊರಿಗೆ ಹೋದಾಗ ತಾಯಿ ಮನೆಯಲ್ಲಿರಲಿಲ್ಲ. ಬೀಜ ಹಂಚುವ ಹಿರಿಯರ ಮನೆ ಕಡೆ ಹೋಗಿದ್ದಾಳೆಂದು ಅಕ್ಕೋರು ಹೇಳಿದರು. ಹೋಗಿ ನೋಡಿದರೆ ಕಟ್ಟೆಯ ತುಂಬ ಹೆಂಗಸರು. ಈ ಸಲ ನಾಲ್ವರಲ್ಲ, ಕೆಳಗಿನ ಓಣಿಯವರೂ ನಮ್ಮ ಜನರ ಕೇರಿಯವರೂ ಬಂದಿದ್ದರು. ಹಿರಿಯರು ಊಟಕ್ಕೆ ಕೂತಿದ್ದಾರೆ, ಆಮೇಲೆ ಬನ್ನಿ ಎಂದು ಆಳು ಹೇಳುತ್ತಿದ್ದ.

"ಉಣ್ಣಲಿ ಉಣ್ಣಲಿ, ನಮಗೇನು ಅವಸರ ಇಲ್ಲ" ಎಂದಳು ತಾಯಿ. ನನ್ನನ್ನು ಕಂಡು ಸರಿದು ಜಾಗ ಮಾಡಿದಳು. "ಬಾ ತಂಗಿ, ಅಂಗಳದಾಗ ಯಾಕ ನಿಂತಿ, ಮ್ಯಾಲ ಬಂದು ಕೂಡು."

ನಾನು ಕಟ್ಟೆಯನ್ನು ಹತ್ತಿ ಅವರ ನಡುವೆ ಕೂತೆ. ಹಿರಿಯರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಎಲ್ಲರನ್ನೂ ಒಮ್ಮೆ ನೋಡಿದರು.

"ಬೀಜ ಯಾರಿಗೆ ಯಾವತ್ತು ಬೇಕು, ಒಬ್ಬೊಬ್ಬರ ಹೇಳ್ರಿ" ಎಂದರು.